ಹಸಿರು ಬಳೆಗೆ ದಾರಿ ಬಿಟ್ಟ ತೋಳು

ಆ ಫೋಟೊದಲ್ಲಿದ್ದ ಜಂಪರನ್ನು ತೊಟ್ಟವಳು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಆದರೂ ಅದನ್ನೇ ಹೊಲಿದು ಕೊಡಿ ಎಂದು ನನ್ನ ಅಂಗಡಿಗೆ ಬಂದರು. ಮೊದಲು ಆಗುವುದಿಲ್ಲ ಎಂದೆ, ಆಮೇಲೆ ನೋಡೋಣ ಎಂದೆ, ಕೊನೆಗೆ ಹೊಲಿದೇ ಬಿಟ್ಟೆ. ಅದರಲ್ಲಿ ಒಂದು ತಪ್ಪು ಮಾಡಿದೆ. ಅದು ನನ್ನದೇ ತಪ್ಪು ಎಂದು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆಯವರ ಮೇಲೂ ಸಿಟ್ಟು ಮಾಡುವವಳಿದ್ದೇನೆ.

ಆಳಂದದಲ್ಲಿ, ಬಸ್ ನಿಲ್ದಾಣದಿಂದ ಒಳಗೆ ಹೊರಳುವ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಎರಡು ಮಿಷನ್ನು, ಒಂದು ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಜರಿ ಕೆಲಸದ ಚೌಕಟ್ಟು. ನಮ್ಮ ಕಡೆ ರವಿಕೆಗೆ ಜಂಪರ್ ಅನ್ನುತ್ತಾರೆ. ಸರಸಂಬಾದಿಂದ ಈ ಊರಿಗೆ ಸೊಸೆಯಾಗಿ ಬಂದವಳು ನಾನು. ಜಂಪರ್ ಹೊಲಿಯುತ್ತ ಹೊಲಿಯುತ್ತಲೇ ನನ್ನ ತಲೆ ಬೆಳ್ಳಗಾಯಿತು.

ಕತ್ತರಿ ಹಿಡಿಯಲು ಕಲಿಸಿದ್ದು ನಮ್ಮ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ. ಆಕೆ ಈಗಿಲ್ಲ. ಖಾಲಾ ನಕ್ಕರೆ ಕನ್ನಡ, ಸಿಟ್ಟಿಗೆದ್ದರೆ ಉರ್ದು. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಉರ್ದುವೇ. ಅಳತೆ ತೆಗೆಯುವಾಗ ಆಕೆ ಟೇಪಿಗಿಂತ ಮೊದಲು ಹಲಗೆಯ ಮೇಲೆ ಹಳೆಯ ಪೇಪರ್ ಹಾಸುತ್ತಿದ್ದಳು. ಬಂದವಳ ಕೈಯನ್ನು ಅದರ ಮೇಲೆ ಉದ್ದಕ್ಕೆ ಇರಿಸಿ, ಭುಜದಿಂದ ಬೆರಳಿನ ತನಕ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದಳು. "ಟೇಪ್ ಉದ್ದ ಹೇಳ್ತದ. ಕೈ ಎಂಥಾದು ಅಂತ ಹೇಳ್ತದೇನು?" ಎಂದು ಕೇಳುತ್ತಿದ್ದಳು. ನಾನು ಬಟ್ಟೆಯ ಚೆಂದ ನೋಡುತ್ತ ಮೈಮರೆತರೆ ತಲೆಗೊಂದು ಮೊಟಕಿ, "ಪೈಲೆ ಹಾತ್ ದೇಖ್, ಬಾದ್ ಮೇ ಕಪ್ಡಾ" ಅನ್ನುತ್ತಿದ್ದಳು. ಮೊದಲು ಕೈ ನೋಡು, ಬಟ್ಟೆ ಆಮೇಲೆ.

ಇನ್ನೊಂದು ಪದ್ಧತಿಯೂ ಆಕೆಯದೇ. ಜಂಪರ್ ಮುಗಿದ ಮೇಲೆ ತೊಟ್ಟವಳು ಕನ್ನಡಿಯ ಮುಂದೆ ನಿಂತು ಸುಮ್ಮನೆ ತಿರುಗಿದರೆ ಸಾಲದು, ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಗಾಳಿಯಲ್ಲೇ ಒಂದು ಜೋಳದ ರೊಟ್ಟಿ ಬಡಿದು ತೋರಿಸಬೇಕು. ಕಂಕುಳಲ್ಲಿ ಎಳೆದರೆ, ಬೆನ್ನಿನ ಹೊಲಿಗೆ ಜಗ್ಗಿದರೆ ಬಿಚ್ಚಿ ಮತ್ತೆ ಹೊಲಿ. ಕಾಲೇಜಿಗೆ ಹೋಗುವ ಹುಡುಗಿಯರು ನಗುತ್ತಾರೆ. ಕೆಲವರಿಗೆ ರೊಟ್ಟಿ ಬಡಿಯಲು ಬರುವುದೇ ಇಲ್ಲ, ಚಪ್ಪಾಳೆ ತಟ್ಟಿದಂತೆ ಮಾಡುತ್ತಾರೆ. ನಗಲಿ. ನನ್ನ ಅಂಗಡಿಯಿಂದ ಹೋದ ಜಂಪರ್ ಇಷ್ಟು ವರ್ಷಗಳಲ್ಲಿ ಯಾರ ಒಲೆಯ ಮುಂದೂ ಹರಿದಿಲ್ಲ.

ಖಾಲಾ ಹೋದ ಮೇಲೆ ರೊಟ್ಟಿಯ ಪರೀಕ್ಷೆ ಉಳಿಸಿಕೊಂಡೆ, ಪೇಪರಿನ ಮೇಲೆ ಕೈ ಬರೆಯುವುದನ್ನು ಬಿಟ್ಟೆ. ಗಿರಾಕಿ ಜಾಸ್ತಿಯಾದರು, ಟೇಪು ಸಾಕು ಅನ್ನಿಸಿತು.

ನನ್ನದೊಂದು ದಪ್ಪ ನೋಟ್‌ಬುಕ್ಕಿದೆ. ಅದರ ತುಂಬ ನಾನೇ ತೆಗೆದ ಡಿಸೈನುಗಳು. ನವಿಲು, ಕಮಲ, ಮಾವಿನಕಾಯಿ ಎಲ್ಲ ಮಾರ್ಕೆಟ್ಟಿನಲ್ಲಿ ಸಿಗುತ್ತವೆ, ಅವನ್ನು ನಾನು ಬರೆಯುವುದಿಲ್ಲ. ನನ್ನವು ಜೋಳದ ತೆನೆ, ಕುಸುಬಿ ಹೂವು, ಹುಣಸೆ ಚಿಗುರು. ಎಲ್ಲಕ್ಕಿಂತ ನನಗೆ ಪ್ರೀತಿಯದು ತೊಗರಿ. ತೊಗರಿಯ ಹೂವು ಹಳದಿ ಅಂತ ಎಲ್ಲರಿಗೂ ಗೊತ್ತು. ಎಸಳಿನ ಬೆನ್ನಿಗೆ ಕೆಂಪು ಎಳೆಗಳಿರುತ್ತವೆ ಎಂಬುದು ಹೊಲದಲ್ಲಿ ಬಗ್ಗಿ ನೋಡಿದವರಿಗೆ ಮಾತ್ರ ಗೊತ್ತು. ಆ ಪುಟದಲ್ಲಿ ತೋಳಿನ ಅಂಚಿಗೆ ಹೂವು, ಕೆಳಗೆ ಇಳಿಬಿದ್ದ ತೊಗರಿ ಕಾಯಿಗಳು.

ಕಿಣ್ಣಿ ಸುಲ್ತಾನದ ಒಬ್ಬ ಹುಡುಗಿ ಶಾಲೆಯ ಯೂನಿಫಾರ್ಮ್ ಹೊಲಿಸಲು ಬಂದಾಗ ಆ ಪುಟ ನೋಡಿ, "ಅಕ್ಕಾ, ನನ್ನ ಲಗ್ನಕ್ಕ ಇದಾ ಹಾಕ್ರಿ" ಅಂದಿದ್ದಳು. ಪುಟದ ಮೂಲೆಯನ್ನು ತಾನೇ ಮಡಚಿಟ್ಟು ಹೋಗಿದ್ದಳು. ಆ ಮಡಿಕೆಯನ್ನು ನಾನು ಬಿಡಿಸಿರಲಿಲ್ಲ.

ಹೋದ ವರ್ಷ ಅವಳ ಲಗ್ನ ಗೊತ್ತಾಯಿತು. ವರ ಅಫಜಲಪುರ ತಾಲೂಕಿನ ಗೊಬ್ಬೂರಿನವನು. ಜಂಪರಿಗೆಂದು ಅವಳು ಬಂದಾಗ ಜೊತೆಗೆ ಅವಳ ವೈನಿಯೂ ಬಂದಳು. ವೈನಿ ಅಂದರೆ ಅಣ್ಣನ ಹೆಂಡತಿ. ಜೇವರ್ಗಿಯ ಹೆಣ್ಣುಮಗಳು, ಗಂಡನ ಜೊತೆ ಅಲ್ಲೇ ಇದ್ದು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಾಳೆ. ಚುರುಕು, ಮಾತೂ ಚುರುಕು. ನಾನು ನೋಟ್‌ಬುಕ್ಕಿಗೆ ಕೈ ಹಾಕುವುದರೊಳಗೆ ಅವಳು ಫೋನನ್ನು ಹಲಗೆಯ ಮೇಲಿಟ್ಟಳು.

"ನೋಟ್‌ಬುಕ್ ಒಳಗ ಇಡ್ರಿ ಅಕ್ಕಾ. ಈಗ ಎಐ ಅದ. ಒಂದು ನಿಮಿಷಕ್ಕ ನೂರು ಡಿಸೈನ್ ಕೊಡ್ತದ. ಇದು ನೋಡ್ರಿ, ನಾನಾ ಹೇಳಿ ಮಾಡಿಸೀನಿ."

ಸುಳ್ಳು ಯಾಕೆ ಹೇಳಲಿ, ಚೆಂದ ಇತ್ತು. ಗಾಢ ನೀಲಿ ಜಂಪರ್. ತೋಳು ಮುಂಗೈ ದಾಟಿ ಅಂಗೈ ಬೆನ್ನಿನ ತನಕ ಮೈಗಂಟಿದಂತೆ ಇಳಿದಿತ್ತು. ಮಣಿಕಟ್ಟಿನಿಂದ ಹೊರಟ ಬಂಗಾರದ ಬಳ್ಳಿ ಭುಜ ಹತ್ತಿ ಬೆನ್ನಿಗೆ ಹಬ್ಬಿತ್ತು. ತೊಟ್ಟಿದ್ದ ಹೆಣ್ಣು ತೊಳೆದ ಮುತ್ತಿನಂತಿದ್ದಳು. ಫೋಟೊವನ್ನು ಹಿಗ್ಗಿಸಿ ನೋಡಿದೆ. ಹೊಲಿಗೆಯೇ ಇಲ್ಲ. ಹುಕ್ಕು ಇಲ್ಲ, ಕಾಜ ಇಲ್ಲ, ಹಿಂದೂ ಬಿಚ್ಚುವುದಿಲ್ಲ, ಮುಂದೂ ಬಿಚ್ಚುವುದಿಲ್ಲ.

"ಇದನ್ನ ತೊಟ್ಟುಕೊಳ್ಳೂದು ಹೆಂಗ ತಂಗಿ? ಇಕಿ ಏನು ಜಂಪರ್ ಸಂಗಟಾನೇ ಹುಟ್ಯಾಳೇನು?" ಎಂದೆ.

"ಅದೆಲ್ಲಾ ನೀವಾ ನೋಡ್ಕೊಳ್ರಿ. ಫೋಟೊದಾಗ ಹೆಂಗದ ಹಂಗಾ ಬೇಕು."

"ನೂರು ಕೊಡ್ತದ, ಖರೆ. ಹೊಲಿದೂ ಕೊಡ್ತದೇನು?"

"ಹೊಲಿಲಾಕ ನೀವದೀರಲ್ಲ!" ಎಂದು ವೈನಿ ನಕ್ಕಳು.

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಮಾತು ಎದೆಗೆ ನಾಟಿತು. ಯೋಚನೆ ಅದರದು, ಸೂಜಿ ನನ್ನದು. ಇಷ್ಟು ವರ್ಷ ನಾನು ಬರೀ ಕೈ ಆಗಿದ್ದೆನೇ? ತಲೆ ಇರಲಿಲ್ಲವೇ? ಹುಡುಗಿಯ ಕಡೆ ನೋಡಿದೆ. ಅವಳು ನೋಟ್‌ಬುಕ್ಕನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ, "ವೈನಿ ಹೇಳಿದ್ದಾ ಇರ್ಲಿ ಅಕ್ಕಾ" ಅಂದಳು. ಆ ತಗ್ಗಿದ ತಲೆಯೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು. ಇಲ್ಲ ಅಂದರೆ ಬೇರೆಯವರ ಹತ್ತಿರ ಹೋಗುತ್ತಾರೆ, ಅವಳ ಲಗ್ನದ ಮೈಮೇಲೆ ನನ್ನ ಒಂದು ಎಳೆಯೂ ಇರುವುದಿಲ್ಲ. ಆಗಲಿ ಎಂದೆ.

ಅವರು ಹೋದ ಮೇಲೆ ನಾನೂ ಆ ಯಂತ್ರವನ್ನು ಪರೀಕ್ಷೆ ಮಾಡಿದೆ. ನನ್ನ ಫೋನಿನಲ್ಲೂ ಅದು ಇತ್ತು. "ತೊಗರಿ ಹೂವಿನ ಜಂಪರ್" ಎಂದು ಬರೆದೆ. ನಾಲ್ಕು ಬಂದವು. ನಾಲ್ಕರಲ್ಲೂ ಹಳದಿ ಗುಲಾಬಿಯಂಥ ಹೂವು. ಎಸಳಿನ ಬೆನ್ನಿಗೆ ಕೆಂಪು ಎಳೆ ಇರಲಿ, ಅದು ತೊಗರಿಯೇ ಅಲ್ಲ. ತೊಗರಿ ನಾಡಿನಲ್ಲಿ ಕೂತವಳಿಗೆ ಗುಲಾಬಿ ತೋರಿಸಿ ತೊಗರಿ ಅನ್ನುತ್ತದೆ, ಅದೂ ಎಂಥ ಧೈರ್ಯದಿಂದ! ನಮ್ಮ ಹೊಲದಲ್ಲಿ ಅದು ಎಂದೂ ಬಗ್ಗಿಲ್ಲ, ಅದಕ್ಕೆ ಸೊಂಟವೇ ಇಲ್ಲ. ಆದರೆ ಒಂದರಲ್ಲಿ ಬೂದಿ ಬಣ್ಣದ ಬಟ್ಟೆಯ ಮೇಲೆ ಹಳದಿ ಇಟ್ಟಿತ್ತು. ಬೂದಿಯ ಮೇಲೆ ಹಳದಿ ಅಷ್ಟು ಎದ್ದು ಕಾಣುತ್ತದೆಂದು ನನಗೆ ಹೊಳೆದಿರಲಿಲ್ಲ. ಅದನ್ನು ಒಪ್ಪಿಕೊಂಡೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ. ವೈರಿಯಾದರೂ ಒಳ್ಳೆಯ ಬಣ್ಣಕ್ಕೆ ಇಲ್ಲ ಅನ್ನಬಾರದು.

ಫೋಟೊದ ಜಂಪರನ್ನು ಬಿಚ್ಚಿ ತೊಡುವ ದಾರಿ ಹುಡುಕಲು ನನಗೆ ನಾಲ್ಕು ದಿನ ಬೇಕಾಯಿತು. ಕೊನೆಗೆ ಎಡಗಡೆ ಕಂಕುಳ ಕೆಳಗೆ ಸೊಂಟದ ತನಕ ಚೈನು ಕೂರಿಸಿ, ಅದರ ಮೇಲೆ ಬಟ್ಟೆಯ ಒಂದು ಮಡಿಕೆ ಬಿಟ್ಟು ಮುಚ್ಚಿದೆ. ಎಲ್ಲಿ ತೆರೆಯುತ್ತದೆಂದು ದೇವರಿಗೂ ಕಾಣಿಸುವಂತಿರಲಿಲ್ಲ. ಬಳ್ಳಿಯ ಜರಿ ಕೆಲಸಕ್ಕೆ ಚೌಕಟ್ಟಿನ ಮುಂದೆ ಕೂತು ಕೂತು ಕುತ್ತಿಗೆ ಹಿಡಿದುಕೊಂಡಿತು. ಆದರೆ ಒಳಗೊಳಗೇ ಉಬ್ಬಿಹೋಗಿದ್ದೆ. ಆ ಯಂತ್ರಕ್ಕೆ ತಿಳಿಯದ ಬಾಗಿಲು ನನಗೆ ತಿಳಿಯಿತಲ್ಲ!

ಹುಡುಗಿ ಎರಡು ಸಲ ಬಂದು ತೊಟ್ಟು ನೋಡಿದಳು. ನೆಲಕ್ಕೆ ಕೂತು ರೊಟ್ಟಿಯನ್ನೂ ಬಡಿದಳು. ಎಲ್ಲೂ ಎಳೆಯಲಿಲ್ಲ. ವೈನಿ ಫೋನು ಹಿಡಿದು ಫೋಟೊವನ್ನೂ ಜಂಪರನ್ನೂ ಹೋಲಿಸಿ, "ಸೇಮ್ ಟು ಸೇಮ್" ಅಂದಳು. ಆ ಮಾತಿಗೂ ನಾನು ಹಿಗ್ಗಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಲಗ್ನ ಅಫಜಲಪುರದ ಒಂದು ಕಲ್ಯಾಣ ಮಂಟಪದಲ್ಲಿತ್ತು. ನನ್ನನ್ನೂ ಕರೆದಿದ್ದರು. ಸೂಜಿ ದಾರದ ಡಬ್ಬಿ ಇಲ್ಲದೆ ನಾನು ಯಾವ ಲಗ್ನಕ್ಕೂ ಹೋಗುವುದಿಲ್ಲ. ಬೆಳಗಿನ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಇವತ್ತು ಎಲ್ಲರೂ ನನ್ನ ಕೆಲಸ ನೋಡುತ್ತಾರೆ ಎಂದುಕೊಂಡು ಕೂತಿದ್ದೆ.

ಮಂಟಪದ ಒಳಗಿನ ಕೋಣೆಗೆ ಹೋದರೆ ಹುಡುಗಿ ಹಾಸಿಗೆಯ ಮೇಲೆ ಕೂತು ಅಳುತ್ತಿದ್ದಳು. ಜಂಪರ್ ತೊಡೆಯ ಮೇಲೆ ಬಿದ್ದಿತ್ತು. ವೈನಿಯ ಮುಖ ಸಪ್ಪಗಾಗಿತ್ತು. ನನ್ನನ್ನು ಕಂಡವಳೇ ಹುಡುಗಿ ಎರಡೂ ಕೈ ಮೇಲೆತ್ತಿ ತೋರಿಸಿದಳು. ಗಲಗಲ ಎಂದು ಸದ್ದಾಯಿತು.

ಹಸಿರು ಗಾಜಿನ ಬಳೆಗಳು. ಮಣಿಕಟ್ಟಿನಿಂದ ಮೊಳಕೈ ಹತ್ತಿರದ ತನಕ, ಎರಡೂ ಕೈ ತುಂಬ.

ನಮ್ಮಲ್ಲಿ ಲಗ್ನದ ಹಿಂದಿನ ದಿನವೇ ಬಳೆಗಾರ ಬಂದು ಹೆಣ್ಣಿಗೆ ಕೈ ತುಂಬ ಹಸಿರು ಬಳೆ ಇಡಿಸುತ್ತಾನೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನನ್ನ ಕೈಗೂ ಇಡಿಸಿದ್ದರು. ಬಳೆ ತುಂಬಿದ ಆ ಕೈಗೆ ಮೈಗಂಟಿದ ತೋಳನ್ನು ಏರಿಸುವುದು ಹೇಗೆ? ಅಳತೆ ತೆಗೆದದ್ದು ಬರಿಗೈಗೆ. ತೊಡಿಸಿ ನೋಡಿದ್ದು ಬರಿಗೈಗೆ. ರೊಟ್ಟಿ ಬಡಿಸಿದ್ದೂ ಬರಿಗೈಯಿಂದಲೇ. ವೈನಿಯ ಫೋನು ಕಿತ್ತುಕೊಂಡು ಆ ಫೋಟೊ ತೆಗೆದು ನೋಡಿದೆ. ಆ ಮದುಮಗಳ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ.

ಯಂತ್ರಕ್ಕೆ ಬಳೆ ಗೊತ್ತಿಲ್ಲ, ಹೋಗಲಿ. ನಾವು ಮೂರು ಮಂದಿ ಹೆಂಗಸರು ಎರಡು ತಿಂಗಳು ಆ ಚಿತ್ರ ನೋಡಿದೆವು. ಲಗ್ನದ ಹೆಣ್ಣಿನ ಕೈ ಬೋಳಾಗಿದೆ ಎಂದು ಒಬ್ಬಳಿಗೂ ಕಾಣಲಿಲ್ಲ. ಓಣಿಯಲ್ಲಿ ಯಾರಾದರೂ ಬರಿಗೈಯಲ್ಲಿ ಹೊಸಿಲು ದಾಟಿದರೆ ಸಾಕು, ಕೂಗಿ ಕೇಳುವವರು ನಾವು! ಚೆಂದದ ಚಿತ್ರ ಕಣ್ಣು ಕಟ್ಟಿತ್ತು, ನಮ್ಮ ಕೈಯನ್ನೇ ನಾವು ಮರೆತಿದ್ದೆವು. ಬೇರೆಯವರು ಮರೆಯಬಹುದು. ಖಾಲಾನ ಶಿಷ್ಯೆಯಾದ ನಾನು ಮರೆತೆ.

"ಎಣ್ಣಿ ಹಚ್ಚಿ ಒಂದಿಷ್ಟು ಬಳಿ ತಗದ್ರ?" ಎಂದು ವೈನಿ ಮೆಲ್ಲಗೆ ಕೇಳಿದಳು.

ಮೂಲೆಯಲ್ಲಿ ಹುಡುಗಿಯ ಆಯಿ, ಅವಳ ಅಜ್ಜಿ, ಕೂತಿದ್ದಳು. "ಲಗ್ನದ ಬಳಿಗಿ ಕೈ ಹಚ್ಚೀದಿ ನೋಡು!" ಎಂದು ಗುಡುಗಿದಳು. "ಅಕ್ಕಿಕಾಳು ಬೀಳೂಕಿಂತ ಮೊದಲ ಯಾರರ ಬಳಿ ತಗೀತಾರೇನು? ನಿನ್ನ ಫೋನಿಗಿ ಬಳಿ ತಗಿ ಅಂತ ಹೇಳು, ನನ್ನ ಮೊಮ್ಮಗಳಿಗಿ ಹೇಳಬ್ಯಾಡ."

ವೈನಿ ಸುಮ್ಮನಿರಲಿಲ್ಲ. ಫೋನಿನಲ್ಲಿ ಟಕಟಕ ಬರೆದು ಏನು ಮಾಡಬೇಕೆಂದು ಅದನ್ನೇ ಕೇಳಿದಳು. ಅದು ಉತ್ತರವನ್ನೂ ಕೊಟ್ಟಿತು: ಮೊದಲು ಜಂಪರ್ ತೊಡಿ, ಆಮೇಲೆ ಬಳೆ ಹಾಕಿಕೊಳ್ಳಿ. ಆಯಿ ಅದನ್ನು ಓದಿಸಿ ಕೇಳಿ, "ಶಾಣ್ಯಾ ಅದ. ನಿನ್ನೆ ಬರಬೇಕಿತ್ತು" ಅಂದಳು. ಅಳುತ್ತಿದ್ದ ಹುಡುಗಿಯೂ ಮೂಗೊರೆಸಿಕೊಂಡು ನಕ್ಕಳು.

ಮುಹೂರ್ತಕ್ಕೆ ಒಂದೂವರೆ ತಾಸು ಉಳಿದಿತ್ತು. ನಾನು ನೆಲದ ಮೇಲೆ ಕೂತೆ. "ಬಾ ತಂಗಿ, ಕೈ ಕೊಡು" ಎಂದು ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದೆ. ಎಷ್ಟೋ ವರ್ಷಗಳ ಮೇಲೆ ಹಾಗೆ ನೋಡಿದೆ. ಬಳೆಗಳ ನಡುವೆ ಅವಳ ಮೈಬಣ್ಣ ಒಂದೊಂದು ಎಳೆ ಕಾಣುತ್ತಿತ್ತು. ಇಷ್ಟು ಚೆಂದದ ಹಸಿರನ್ನು ಬಟ್ಟೆಯಿಂದ ಮುಚ್ಚುವುದು ಯಾಕೆ ಎಂದು ಹೊಳೆದದ್ದು ಆಗಲೇ. ಬಳೆಯನ್ನು ಸರಿಸಬಾರದು, ತೋಳೇ ಸರಿಯಬೇಕು.

ತೋಳಿನ ಒಳಗಡೆಯ ಹೊಲಿಗೆಯನ್ನು ಮಣಿಕಟ್ಟಿನಿಂದ ಮೊಳಕೈ ತನಕ ಬಿಚ್ಚಿದೆ. ಜರಿ ಕೆಲಸ ಹೊರಗಡೆ ಇದ್ದದ್ದರಿಂದ ಅದಕ್ಕೇನೂ ಆಗಲಿಲ್ಲ. ಆದರೆ ಬಿಚ್ಚಿದ ಅಂಚು ಎಳೆ ಬಿಡುತ್ತದೆ, ಅದಕ್ಕೆ ಪಟ್ಟಿ ಬೇಕು. ನೀಲಿ ಬಟ್ಟೆ ಒಂದು ತುಂಡೂ ಇರಲಿಲ್ಲ. ಆಯಿ ಎದ್ದಳು. ಮೊಮ್ಮಗಳ ಉಡಿಯಲ್ಲಿ ತುಂಬಿದ್ದ ಖಣವನ್ನು, ಕೆಂಪಗಿನ ಹೊಸ ಜಂಪರ್ ತುಂಡನ್ನು, ನನ್ನ ಕೈಗಿಟ್ಟಳು. "ಕತ್ತರಸು" ಅಂದಳು. ಅಂಥ ಖಣಕ್ಕೆ ಕತ್ತರಿ ಇಟ್ಟು ತಡೆದೆ. ಆಯಿಯ ಮುಖ ನೋಡಿದೆ, ಅವಳ ಕಣ್ಣು ಮಿಟುಕಲಿಲ್ಲ.

ಮಿಷನ್ನಿಲ್ಲ, ಎಲ್ಲ ಕೈಹೊಲಿಗೆ. ವೈನಿ ಫೋನನ್ನು ಕಿಟಕಿಯಲ್ಲಿಟ್ಟು, ಕೇಳದೆಯೇ ಬಂದು ಎದುರಿಗೆ ಕೂತು ಬಟ್ಟೆ ಬಿಗಿ ಹಿಡಿದಳು, ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ಬಿಚ್ಚಿದ ಎರಡೂ ಅಂಚಿಗೆ ಖಣದ ಪಟ್ಟಿ ಕೂರಿಸಿದೆ. ಒಂದೊಂದು ತೋಳಿಗೆ ಮೂರು ಜೊತೆ ಕಟ್ಟುವ ದಾರ. ಅವನ್ನೂ ಖಣದಲ್ಲೇ ಮಾಡಿದೆ. ದಾರದ ತುದಿ ಬರೀ ಗಂಟಾಗಿ ನಿಂತದ್ದು ನನಗೆ ಸರಿ ಕಾಣಲಿಲ್ಲ. ಮಣಿ ಏನಾದರೂ ಇದೆಯೇ ಎಂದು ಡಬ್ಬಿ ತಡಕಾಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಅಕ್ಷತೆಯ ಅಕ್ಕಿಕಾಳಿನ ತಾಟು. ಹೆಸರು ಅಕ್ಕಿಕಾಳಾದರೂ ನಮ್ಮ ಕಡೆ ಅದು ಅರಿಸಿನ ಹಚ್ಚಿದ ಜೋಳ. ಹಿಡಿ ಜೋಳ ತೆಗೆದುಕೊಂಡೆ. ಖಣದ ಚೂರಿನಲ್ಲಿ ಮೂರು ಮೂರು ಕಾಳು ಸಾಲಾಗಿ ಇಟ್ಟು ಸುತ್ತಿ, ಕಾಳು ಕಾಳಿನ ನಡುವೆ ದಾರ ಬಿಗಿದೆ. ತೊಗರಿ ಕಾಯಿ ಆಯಿತು. ನನ್ನ ನೋಟ್‌ಬುಕ್ಕಿನ ಪುಟದಲ್ಲಿದ್ದಂಥದೇ, ಜೀವ ತುಂಬಿದ ಕಾಯಿ.

ಹುಡುಗಿ ಅದನ್ನು ನೋಡಿದಳು. ನನ್ನ ಭುಜಕ್ಕೆ ಹಣೆ ಒತ್ತಿದಳು. ಸೂಜಿ ಚುಚ್ಚೀತು, ದೂರ ಸರಿ ಎಂದು ಬೈದೆ. ನನಗೂ ಅಳು ಬಂದಿತ್ತು.

ತೊಡಿಸಿ, ದಾರ ಕಟ್ಟಿ, "ರೊಟ್ಟಿ ಬಡಿ" ಎಂದೆ. ಲಗ್ನದ ಸೀರೆ ಉಟ್ಟುಕೊಂಡು ನೆಲಕ್ಕೆ ಕೂತು ಬಡಿದಳು. ತೋಳು ತೆರೆದಲ್ಲೆಲ್ಲ ಬಳೆ ಹೊರಗೆ ಇಣುಕಿ ಗಲಗಲ ಎಂದವು, ಕೆಂಪು ಕಾಯಿಗಳು ತೂಗಾಡಿದವು. ನೀಲಿ, ಕೆಂಪು, ಹಸಿರು. ಫೋಟೊದ ಜಂಪರನ್ನು ಇದರ ಮುಂದೆ ನಿವಾಳಿಸಿ ಒಗೆಯಬೇಕು. ಅಂದು ಅಕ್ಕಿಕಾಳು ಬಿದ್ದಾಗ ನಾನು ಗಂಡನ್ನೂ ನೋಡಲಿಲ್ಲ, ಹೆಣ್ಣಿನ ಮುಖವನ್ನೂ ನೋಡಲಿಲ್ಲ. ತೋಳನ್ನೇ ನೋಡಿದೆ.

ಆಮೇಲೆ ಆದದ್ದನ್ನು ಹೇಳಿದರೆ ನಗುತ್ತೀರಿ. ಆ ತೋಳು ನಾಲ್ಕಾರು ಜನರ ಫೋನಿಗೆ ಹೋಗಿ, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಎರಡು ತಿಂಗಳ ಮೇಲೆ ಜೇವರ್ಗಿಯಿಂದ ವೈನಿ ಬಂದಳು. ತನ್ನ ತಂಗಿಯ ಲಗ್ನವಂತೆ, ತನಗೂ ಅಂಥದೇ ಜಂಪರ್ ಬೇಕಂತೆ. ಹಳೆಯ ಚಾಳಿ ಬಿಡಬೇಕಲ್ಲ, ಫೋನು ತೆಗೆದಳು. "ನಿಮ್ಮ ಜಂಪರಿನ ಫೋಟೊನಾ ಎಐಗೆ ಕೊಟ್ಟೇನಿ ಅಕ್ಕಾ. ಇಂಥಾವಾ ಇಪ್ಪತ್ತು ಮಾಡಿ ಕೊಡು ಅಂದೆ. ನೋಡ್ರಿ."

ಒಂದೊಂದೇ ನೋಡಿದೆ. ಇಪ್ಪತ್ತರಲ್ಲೂ ನನ್ನ ತೋಳು. ಇಪ್ಪತ್ತರಲ್ಲೂ ಕೆಂಪು ಪಟ್ಟಿ, ಕಟ್ಟುವ ದಾರ, ತುದಿಗೆ ಏನೋ ಉಂಡೆ. ಆದರೆ ದಾರದ ಕೆಳಗೆ ತೋಳು ತೆರೆದಿರಲೇ ಇಲ್ಲ. ಸೀಳಿದ್ದಲ್ಲಿ ಮತ್ತೆ ಬಟ್ಟೆ ತುಂಬಿತ್ತು. ಕೆಲವುಗಳಲ್ಲಿ ಬಳೆಗಳಿದ್ದವು, ಬಟ್ಟೆಯ ಮೇಲೆಯೇ ಅಂಟಿಸಿದಂತೆ. ಕದ್ದ ಬೀಗಕ್ಕೆ ಬಾಗಿಲೇ ಇರಲಿಲ್ಲ. ಮೊದಲಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು. ಅವತ್ತು ಉರಿಯಲಿಲ್ಲ. ಇಪ್ಪತ್ತಲ್ಲ, ಇಪ್ಪತ್ತು ಸಾವಿರ ತೆಗೆಯಲಿ. ನನ್ನ ತೋಳು ಯಾಕೆ ತೆರೆದಿದೆ ಎಂಬುದು ಅದರ ಇಪ್ಪತ್ತು ಸಾವಿರದಲ್ಲೂ ಇರುವುದಿಲ್ಲ.

"ಹೆಂಗದಾವ?" ಎಂದು ವೈನಿ ಕೇಳಿದಳು. ಆಮೇಲೆ ತಾನೇ ಬಗ್ಗಿ, ಒಂದು ಫೋಟೊವನ್ನು ಹಿಗ್ಗಿಸಿ ನೋಡಿ, "ಅಯ್ಯ, ಇದರಾಗ ಬಳಿ ಹೋಗೂದಿಲ್ಲಲ್ಲ!" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ. ಅವಳ ಕಣ್ಣಿಗೇ ಕಂಡಿತು. ಅಫಜಲಪುರದ ಆ ಕೋಣೆಯಲ್ಲಿ ಬಟ್ಟೆ ಹಿಡಿದು ಕೂತದ್ದು ಪುಕ್ಕಟೆ ಹೋಗಿರಲಿಲ್ಲ.

"ನಿನ್ನ ಕೈಯಾಗ ಬಳಿ ಎಲ್ಲವ ಬೇ?" ಎಂದೆ. ಒಂದೊಂದು ಪ್ಲಾಸ್ಟಿಕ್ ಬಳೆ ಇದ್ದವು. "ಹೋಗು, ಲಗ್ನಕ್ಕ ಎಷ್ಟು ಹಾಕ್ಕೋತಿ ಅಷ್ಟು ಇಡಿಸಿಕೊಂಡು ಬಾ."

ಬೈಯುತ್ತಾಳೆಂದುಕೊಂಡಿದ್ದೆ, ಎದ್ದು ಹೋದಳು. ಪೇಟೆಯ ಬಳೆ ಅಂಗಡಿಯಿಂದ ಕೈ ತುಂಬ ಗಾಜಿನ ಬಳೆ ಇಡಿಸಿಕೊಂಡು ಒಂದು ತಾಸಿಗೆ ವಾಪಸು ಬಂದಳು. ನಾನು ಅಷ್ಟರಲ್ಲಿ ಹಲಗೆಯ ಮೇಲೆ ಹಳೆಯ ಪೇಪರ್ ಹಾಸಿದ್ದೆ. ಅವಳ ಕೈಯನ್ನು ಅದರ ಮೇಲೆ ಉದ್ದಕ್ಕೆ ಇರಿಸಿ, ಭುಜದಿಂದ ಗೆರೆ ಎಳೆಯುತ್ತ ಬಂದೆ. ಪೆನ್ಸಿಲು ಒಂದೊಂದು ಬಳೆಯನ್ನೂ ಮುಟ್ಟಿ, ಏರಿ, ಇಳಿದು ಮುಂದೆ ಹೋಯಿತು.

"ಅಕ್ಕಾ, ಯಾವ ಡಿಸೈನ್ ಮಾಡಾಕತ್ತೀರಿ?" ಎಂದು ಅವಳು ತಡೆಯಲಾರದೆ ಕೇಳಿದಳು.

"ನನಗಿನ್ನೂ ಗೊತ್ತಿಲ್ಲ" ಎಂದೆ. "ಕೈ ಅಲುಗಾಡಿಸಬ್ಯಾಡ."